ಬದುಕಿದ್ದವನಿಗೆ ಇಟ್ಟ ಎಡೆ

ಯಲಹಂಕ
12 ನವೆಂಬರ್ 1975

ಶ್ರೀಮಾನ್ ಶೇಖರಪ್ಪನವರಿಗೆ,

ನೆನ್ನೆ ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಿಮಗೆ ಮದುವೆ ಆಗ್ತಾ ಇತ್ತು. ಬಾಸಿಂಗ ಕಟ್ಟಿಕೊಂಡು, ಹೊಸ ಪಂಚೆ ಉಟ್ಟು ಹಸೆಮಣೆ ಮೇಲೆ ಕೂತಿದ್ರಿ. ಓಲಗದೋರ ಕೆನ್ನೆ ಉಬ್ಬಿತ್ತು, ಸದ್ದು ಮಾತ್ರ ಇಲ್ಲ. ಹೆಣ್ಣಿನ ಮುಖದ ಮೇಲೆ ಸೆರಗು. ಯಾರಿರಬಹುದು ಅಂತ ಬಗ್ಗಿ ನೋಡಿದ್ರೆ ನಿಮ್ಮ ಬಾಯಿಂದ ಒಂದು ಹಲ್ಲು ಕಳಚಿ ನನ್ನ ಅಂಗೈಗೆ ಬಿತ್ತು. ಕನಸಲ್ಲಿ ಮದುವೆ ಕಂಡ್ರೆ ಸಾವು ಅಂತಾರೆ. ಹಲ್ಲು ಬಿದ್ರೂ ಸಾವು ಅಂತಾರೆ. ಎರಡೂ ಒಟ್ಟಿಗೆ ಕಂಡ್ರೆ ಏನು ಅಂತ ನಿಮ್ಮ ಭಾವನ್ನ ಎಬ್ಬಿಸಿ ಕೇಳಿದೆ. "ಒಂದಕ್ಕೊಂದು ವಜಾ ಆಗುತ್ತೆ, ಮಲಗೇ" ಅಂದ್ರು. ಅವರಿಗೇನು, ಜಾಲಹಳ್ಳಿ ಕಾರ್ಖಾನೆಯಲ್ಲಿ ದಿನಾ ಮಿಷನ್ನು ಕೆಟ್ಟೇ ಇರುತ್ತೆ, ಕೆಟ್ಟದ್ದು ಅಂದ್ರೆ ಅವರಿಗೆ ಮಾಮೂಲು.

ಹೇಗಿದೀಯ ತಮ್ಮಾ? ಅಯ್ಯೋ, ತಮ್ಮ ಅನ್ನಬಾರದಂತೆ. ಪ್ರೆಸ್ಸಿನ ಗುಲಾಮ್ ರಸೂಲಣ್ಣ ಹೇಳಿದಾರೆ, ಬ್ಯಾಟರಾಯಪ್ಪ ಅನ್ನೋ ಹೆಸರು ಅಪ್ಪಿತಪ್ಪಿಯೂ ಕಾಗದದಲ್ಲಿ ಬರೀಬೇಡಿ, ಪೊಲೀಸಿನೋರು ಒಡೆದು ಓದ್ತಾರೆ, ಶೇಖರಪ್ಪನವರೇ ಅಂತ ಬಹುವಚನದಲ್ಲಿ ಬರೀರಿ ಅಂತ. ಅದಕ್ಕೇ ಹೀಗೆ ಬರೆದಿದೀನಿ, ನೀನು ಬೇಜಾರು ಮಾಡ್ಕೋಬೇಡ. ಮೇಲಿನ ವಿಳಾಸ ಅವರೇ ಉರ್ದುವಿನಲ್ಲಿ ಬರೆದು ಯಶವಂತಪುರದಲ್ಲಿ ಡಬ್ಬಿಗೆ ಹಾಕ್ತಾರೆ. ಅವರ ತಂಗಿ ಬದರುನ್ನೀಸಾ ಹೊತ್ತಿಗೆ ಸರಿಯಾಗಿ ಅನ್ನ ಹಾಕ್ತಾರೆ ತಾನೆ?

ಆ ಕೊನೇ ಸಂಚಿಕೆ ಯಾಕಾದ್ರೂ ತಂದ್ಯೋ. ಪೇಪರಿನ ಒಂದೊಂದು ಸಾಲೂ ಸರ್ಕಾರಕ್ಕೆ ತೋರಿಸಿ ಅಚ್ಚು ಹಾಕಿ ಅಂದ್ರೆ ತೋರಿಸೋದು ತಾನೆ? "ಈ ವಾರ ಅಪ್ಪಣೆ ಇರುವ ಸುದ್ದಿ: ಹೆಬ್ಬಾಳ ಕೆರೆಯಲ್ಲಿ ನೀರಿದೆ" ಅಂತ ಒಂದೇ ಸಾಲು ಹಾಕಿ ಮಿಕ್ಕ ಹಾಳೆಯೆಲ್ಲ ಬಿಳೀದು ಬಿಟ್ಟೆ. ಅದು ಸಾಲದು ಅಂತ ಸರ್ಕಾರನ್ನ ಬೈದಿದ್ದ ಆ ಇಂಗ್ಲಿಷ್ ಕರಪತ್ರ ಕನ್ನಡಕ್ಕೆ ಮಾಡಿ ಹಂಚಿದೆ. ಈಗ ನೋಡು, ವಾರಂಟು ಹಿಡ್ಕೊಂಡು ಇನ್ಸ್‌ಪೆಕ್ಟರ್ ವೇಣುಗೋಪಾಲ್ ವಾರವಾರ ಬರ್ತಾರೆ. ಕಾಫಿ ಕೊಟ್ರೆ ಕುಡೀತಾರೆ, ಮಂಚದ ಕೆಳಗೆ ನೋಡ್ತಾರೆ, ಹೋಗ್ತಾರೆ.

ಮಂಗಳವಾರ ಕ್ಷೌರ ಮಾಡಿಸಬೇಡ. ಮಾಡಿಸಬೇಡಿ.

ಇಂತಿ,
ಅಕ್ಕಯ್ಯಮ್ಮ

ಸಿಕಂದರಾಬಾದು
19 ನವೆಂಬರ್ 1975

ಅಕ್ಕನಿಗೆ ನಮಸ್ಕಾರ.

ಗುಟ್ಟು ಕಾಪಾಡುವುದನ್ನು ನಿನ್ನಿಂದ ಕಲಿಯಬೇಕು. ಯಾವ ಹೆಸರು ಬರೆಯಬಾರದೋ ಅದನ್ನೇ ಬರೆದು, ಯಾಕೆ ಬರೆಯಬಾರದು ಅನ್ನುವುದನ್ನೂ ಬರೆದು, ಕೆಳಗೆ ನಿನ್ನ ಹೆಸರನ್ನೂ ಹಾಕಿದ್ದೀಯ. ಪೊಲೀಸರು ಒಡೆದು ಓದಿದ್ದರೆ ಇದರಲ್ಲೇನೋ ಮೋಸವಿದೆ ಅಂತ ವಾಪಸ್ ಅಂಟಿಸಿರುತ್ತಾರೆ.

ನಾನು ಗುಂಡುಕಲ್ಲಿನ ಹಾಗಿದ್ದೀನಿ. ಬದರುನ್ನೀಸಾ ಬೇಡ ಅಂದರೂ ಇನ್ನೊಂದು ರೊಟ್ಟಿ ಹಾಕುತ್ತಾರೆ. ಹಗಲು ಕೂದಲೆಣ್ಣೆ ಕಂಪನಿಯ ಚೀಟಿಗಳನ್ನು ಉರ್ದುವಿನಿಂದ ಕನ್ನಡಕ್ಕೆ ಮಾಡುತ್ತೀನಿ. "ಹಚ್ಚಿದ ಮೂರನೇ ವಾರಕ್ಕೆ ಅಮಾವಾಸ್ಯೆಯೇ ನಾಚುವಂಥ ಕೂದಲು." ಬರೆಯುತ್ತಾ ನನ್ನ ಬೋಳುತಲೆ ಸವರಿಕೊಳ್ಳುತ್ತೀನಿ. ಸುಳ್ಳನ್ನು ಸುಂದರವಾಗಿ ದಾಟಿಸುವುದು ನನಗೆ ಹೊಸದಲ್ಲ ಬಿಡು. ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಇಟಲಿ ಕೈದಿಗಳಿಗೆ ಅಜ್ಜಿ ಸೀಬೆಹಣ್ಣು ಮಾರುತ್ತಿದ್ದಳಲ್ಲ, ಒಬ್ಬ ಕಚ್ಚಿ ನೋಡಿ ಥೂ ಅಂತ ಉಗಿದು ಬೈದ. "ಏನಂತಾನ್ಲಾ?" ಅಂದಳು ಅಜ್ಜಿ. "ನಿನ್ ಮಕ್ಳುಮರಿ ತಣ್ಣಗಿರ್ಲಿ ಅಂತಾನೆ" ಅಂದೆ. ಅಜ್ಜಿ ಅವನಿಗೆ ಇನ್ನೆರಡು ಹಣ್ಣು ಬಿಟ್ಟಿ ಕೊಟ್ಟಳು. ಅದೇ ನನ್ನ ಮೊದಲ ಅನುವಾದ. ಆಮೇಲೆ ನಿಜ ದಾಟಿಸಲು ಹೋಗಿ ಕೆಟ್ಟೆ.

ಕನಸಿನ ಚಿಂತೆ ಬಿಡು. ನಿನಗೆ ಚಿಂತೆಗೆ ಸರಿಯಾದ ವಸ್ತುವೇ ಬೇಕಿದ್ದರೆ ತಗೋ: ಮೊನ್ನೆ ಮಹಡಿ ಮೇಲೆ ಬಟ್ಟೆ ಹರವುತ್ತಿದ್ದೆ, ಒಂದು ಕಾಗೆ ಬಂದು ನೇರವಾಗಿ ನನ್ನ ತಲೆ ಮೇಲೆ ಕೂತಿತು. ಕೂದಲಿಲ್ಲದ್ದಕ್ಕೆ ಜಾರಿ, ರೆಕ್ಕೆ ಬಡಿದು ಹೋಯಿತು. ಎಣ್ಣೆ ಕಂಪನಿಗೆ ಹೇಳಿದರೆ ಜಾಹೀರಾತು ಮಾಡಿಕೊಳ್ಳುತ್ತಾರೆ.

ನಿನ್ನ ತಮ್ಮ (ಶೇಖರಪ್ಪ)

ಯಲಹಂಕ
2 ಡಿಸೆಂಬರ್ 1975

ಶೇಖರಪ್ಪನವರಿಗೆ,

ಕಾಗೆ ತಲೆ ಮುಟ್ಟಿದ್ದನ್ನ ನಗ್ತಾ ಬರೀತೀರಲ್ಲ, ನಿಮಗೆ ಬುದ್ಧಿ ಯಾವಾಗ ಬರೋದು? ಇರಲಿ. ಅದಕ್ಕೆ ಏನು ಪರಿಹಾರ ಮಾಡಬೇಕೋ ಮಾಡಿದೀನಿ. ನೀವು ಚಿಂತೆ ಮಾಡಬೇಡಿ. ಸ್ವಲ್ಪ ದಿನ ಮನೆಯಿಂದ ಆಚೆ ಬರಬೇಡಿ. ಪೇಪರ್ ಓದಬೇಡಿ, ಕಣ್ಣಿಗೆ ಒಳ್ಳೇದಲ್ಲ.

ಮನೆ ತುಂಬ ನೆಂಟರಿದಾರೆ. ಮಾಲೂರಿನ ಮುನಿಯಲ್ಲಮ್ಮ ಚಿಕ್ಕಮ್ಮ ಬಂದಿದಾರೆ, ಅವರ ಬೀದಿಯೋರೂ ಬಂದಿದಾರೆ. ಯಾಕೆ ಅಂತ ಕೇಳಬೇಡಿ, ಸುಮ್ಮನೆ ಬಂದಿದಾರೆ.

ಒಂದು ಒಳ್ಳೆ ಫೋಟೋ ಬೇಕಾಗಿದೆ, ಬೇಗ. ಎದುರಿಗೆ ನೋಡ್ತಿರೋ ಹಾಗಿರಲಿ, ಹಲ್ಲು ಕಿರಿಯೋದು ಬೇಡ. ನಮ್ಮ ಹತ್ರ ಇರೋದರಲ್ಲಿ ನೀನು ಎಮ್ಮೆ ಪಕ್ಕ ನಿಂತಿದೀಯ, ಅದಕ್ಕೆ ಹಾರ ಹಾಕೋಕಾಗಲ್ಲ. ಅಂದ್ರೆ, ಅದು ಚೆನ್ನಾಗಿಲ್ಲ. ಮತ್ತೆ ಈಗ ನಿನಗೆ ಬಾಯಿಗೆ ರುಚಿ ಯಾವುದು? ಮೊದಲಿನ ಹಾಗೆ ಹಿತಕಿದವರೆ ಸಾರು ಮುದ್ದೆನೇ ತಾನೆ? ಇಲ್ಲ ಅಲ್ಲಿಗೆ ಹೋಗಿ ಬದಲಾಗಿದೆಯಾ? ಸುಮ್ಮನೆ ಕೇಳಿದೆ.

ಅಕ್ಕ

ಸಿಕಂದರಾಬಾದು
6 ಡಿಸೆಂಬರ್ 1975

ಅಕ್ಕ,

ಕಳ್ಳಿ! ಕನಸಿನಲ್ಲಿ ಬಾಸಿಂಗ ಕಟ್ಟಿದವಳು ನಿಜದಲ್ಲೂ ಹೊರಟೆಯಾ? ನೆಂಟರು ಸೇರಿದ್ದಾರೆ, ಹಲ್ಲು ಕಾಣದ ಫೋಟೋ ಬೇಕು, ಊಟಕ್ಕೆ ಏನು ರುಚಿ, ಹಾರದ ಮಾತು ಬೇರೆ. ನಾನು ಪತ್ರಕರ್ತ ಕಣಕ್ಕ, ಇಷ್ಟರಿಂದ ಸುದ್ದಿ ಹೊಸೆಯಲಾರೆನೆ?

ತಲೆಮರೆಸಿಕೊಂಡಿರುವ, ತಲೆಯಲ್ಲಿ ಕೂದಲಿಲ್ಲದ, ನಲವತ್ತು ದಾಟಿದ ಈ ಗಂಡಿಗೆ ಹೆಣ್ಣು ಕೊಡುವ ಧೈರ್ಯಸ್ಥರು ಯಾರು? ಬೇಡ ಅಂತ ಬರೆಯಬೇಕು ಅಂತಲೇ ಕೂತೆ. ಆದರೆ ನಿಜ ಹೇಳುತ್ತೀನಿ, ಸಂಜೆ ಆರಕ್ಕೆ ಕೆಲಸ ಮುಗಿದ ಮೇಲೆ ಗೋಡೆ ಬಿಟ್ಟರೆ ಮಾತಿಗೆ ಯಾರೂ ಇಲ್ಲ. ಬದರುನ್ನೀಸಾಗೆ ಮನೆಯ ಕೆಲಸವೇ ಮುಗಿಯದು. ಆದ್ದರಿಂದ ಬೇಡ ಅನ್ನುತ್ತಿಲ್ಲ. ವಿಧವೆಯಾದರೂ ಸರಿ, ಓದು ಬರಹ ಇಲ್ಲದಿದ್ದರೂ ಸರಿ, ಜಗಳ ಆಡಲು ಬಂದರೆ ಸಾಕು.

ಇಲ್ಲಿನ ಸ್ಟುಡಿಯೋಗೇ ಹೋಗಿ ಕೋಟು ಬಾಡಿಗೆಗೆ ತೊಟ್ಟು ತೆಗೆಸಿದ್ದೀನಿ. ಹಲ್ಲು ಕಿರಿದಿಲ್ಲ. ಹಿತಕಿದವರೆಯೇ. ಬದಲಾಗಿಲ್ಲ, ಬದಲಾಗುವುದೂ ಇಲ್ಲ.

ನಿನ್ನ ಮದುಮಗ

ಯಲಹಂಕ
11 ಡಿಸೆಂಬರ್ 1975

ತಮ್ಮಾ ಬ್ಯಾಟಾ,

ಹೆಸರು ಬರೆದ್ರೆ ಬರೆದೆ, ಓದೋರು ಓದಲಿ. ಮೊದಲು ಇದಕ್ಕೆ ಉತ್ತರ ಹೇಳು. ನೀನು ಬದುಕಿದೀಯಾ? ನೆನ್ನೆ, ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ ಬದುಕಿದ್ಯಾ? ಈ ಕಾಗದ ಕಂಡ ಕೂಡಲೇ ಬರೀ.

ಎಲ್ಲ ಹೇಳಿಬಿಡ್ತೀನಿ. ನಾನು ನಿನ್ನ ಸಾಯಿಸಿದೀನಿ.

ಬೇರೆ ದಾರಿ ಇರಲಿಲ್ಲ ಕಣೋ. ಕಾಗೆ ತಲೆ ಮುಟ್ಟಿದ್ರೆ ಏನು ಮಾಡಬೇಕು? ಅವನು ಹೋಗ್ಬಿಟ್ಟ ಅಂತ ದೂರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ಅಳಬೇಕು, ಅತ್ತರೆ ಗಂಡಾಂತರ ಕಳೀತು. ಮಾರನೇ ದಿನ ಸುಳ್ಳು ಅಂತ ಹೇಳಿ ಕಳಿಸಬೇಕು. ಭಾವ ಹುಡುಗರಾಗಿದ್ದಾಗ ಅವರಿಗೂ ಹೀಗೇ ಮಾಡಿದ್ರಂತೆ. ನಮ್ಮ ಕಡೆ ಚೆನ್ನಾಗಿ ಅಳೋರು ಅಂದ್ರೆ ಮಾಲೂರು ಚಿಕ್ಕಮ್ಮ. "ಬ್ಯಾಟರಾಯಪ್ಪ ತೀರಿಕೊಂಡ" ಅಂತ ಒಂದು ಕಾರ್ಡು ಹಾಕಿದೆ. ಮಾರನೇ ದಿನವೇ "ಅದು ಕಾಗೆ ದೋಷಕ್ಕೆ, ಸುಳ್ಳು" ಅಂತ ಇನ್ನೊಂದು ಹಾಕಿದೆ. ತಪ್ಪಿಲ್ಲದ ಹಾಗೆ ಮಾಡಿದೀನಿ ನೋಡು.

ಆದ್ರೆ ಚಿಕ್ಕಮ್ಮ ಮೊದಲನೇ ಕಾರ್ಡು ಓದಿಸಿಕೊಂಡವರೇ ಮನೆಗೆ ಬೀಗ ಹಾಕಿ, ಬೀದಿಯೋರನ್ನೆಲ್ಲ ಬಸ್ಸಿಗೆ ಹತ್ತಿಸಿಕೊಂಡು ಹೊರಟುಬಿಟ್ರು. ಎರಡನೇ ಕಾರ್ಡು ಬೀಗದ ಮನೆ ಬಾಗಿಲ ಸಂದಿಯಲ್ಲಿ ಬಿತ್ತು. ಇವರು ಬೀದಿ ಕೊನೆಯಿಂದಲೇ "ಓಗ್ಬುಟ್ಯಲ್ಲೋ ನನ್ನ ಪೇಪರ್ ರಾಜಾ" ಅಂತ ಎದೆ ಬಡ್ಕೊಂಡು ಬಂದ್ರು. ನಾನು ಕಿವಿಯಲ್ಲಿ ಹೇಳೋಣ ಅಂತ ಹತ್ರ ಹೋದ್ರೆ ಜಗಲಿ ಮೇಲೆ ಯಾರು? ವಾರದ ಕಾಫಿಗೆ ಬಂದ ವೇಣುಗೋಪಾಲ್ ಇನ್ಸ್‌ಪೆಕ್ಟರು! ಸುಳ್ಳು ಅಂದ್ರೆ, ಬದುಕಿರೋದು ನಿಮಗೆ ಹೇಗೆ ಗೊತ್ತು ಅಂತಾರೆ. ಕಾಗೆ ಕೂತಿದ್ದಕ್ಕೆ ಅಂದ್ರೆ, ಎಲ್ಲಿ ಕೂತಿತು ಅಂತಾರೆ. ನಾನೇನು ಮಾಡಲಿ? ಚಿಕ್ಕಮ್ಮನ ಕತ್ತು ತಬ್ಬಿಕೊಂಡು ನಾನೂ ಅತ್ತೆ. ಭಾವ ಹಿತ್ತಲಿಗೆ ಹೋಗಿ ನಕ್ಕು ಬಂದ್ರು. ಅವರ ಕಣ್ಣು ಕೆಂಪಗಾಗಿದ್ದಕ್ಕೆ ಎಲ್ಲರೂ ಸಮಾಧಾನ ಮಾಡಿದ್ರು.

ಮೂರು ದಿನಕ್ಕೆ ಕರಪತ್ರ ಬಂತು. ಯಾರು ಮಾಡಿದ್ರೋ, "ಪತ್ರಕರ್ತ ಬ್ಯಾಟರಾಯಪ್ಪನ ಅನುಮಾನಾಸ್ಪದ ಸಾವು" ಅಂತ. ನಿನ್ನನ್ನ ಯಶವಂತಪುರ ಸ್ಟೇಷನ್ನಲ್ಲಿ ಹಿಡಿದು, ಠಾಣೆಯಲ್ಲಿ ಹೊಡೆದು, ಹೆಣ ಮುಚ್ಚಿಟ್ಟಿದಾರಂತೆ. ಆವತ್ತಿಂದ ಇನ್ಸ್‌ಪೆಕ್ಟರ ಮುಖ ಬಾಡಿಹೋಗಿದೆ. ಕಾಫಿ ಬೇಡ ಅಂತಾರೆ.

ಚಿಕ್ಕಮ್ಮ ಹಠ ಹಿಡಿದ್ರು, ಹೆಣ ಸಿಗದಿದ್ರೂ ಹನ್ನೊಂದನೇ ದಿನ ಮಾಡಲೇಬೇಕು ಅಂತ. ಮಾಡಿದ್ವಿ. ನಿನ್ನ ಫೋಟೋ ಬಂದಿದ್ದು ಸರಿ, ಕೆಳಗಡೆ ಸ್ಟುಡಿಯೋ ಹೆಸರು, ಸಿಕಂದರಾಬಾದು ಅಂತ! ಅದರ ಮೇಲೆ ಇಷ್ಟು ದಪ್ಪ ಗಂಧ ಮೆತ್ತಿದೆ. ಒಣಗಿ ಉದುರೋದು, ಮೆತ್ತೋದು, ಉದುರೋದು. ಎಲ್ಲರೂ "ಪಾಪ, ತಮ್ಮನ ಪಾದ ಬಿಡ್ತಾ ಇಲ್ಲ" ಅಂದ್ರು.

ಹಿತ್ತಲ ಹೊಂಗೆ ಮರದ ಕೆಳಗೆ ಎಡೆ ಇಟ್ವಿ. ಮುದ್ದೆ, ಹಿತಕಿದವರೆ, ಕೋಳಿ ಸಾರು, ನಿನ್ನ ಬೀಡಿ ಕಟ್ಟು. ಕಾಗೆ ಮುಟ್ಟಿದ ಮೇಲೆ ತಾನೆ ಊಟ? ಮರದ ಮೇಲೆ ಒಂದು ಕಾಗೆ ಕೂತಿದೆ, ಇಳೀತಾ ಇಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಬದುಕಿರೋನ ಎಡೆ ಅದು ಯಾಕೆ ಮುಟ್ಟುತ್ತೆ, ಜಾಣ ಕಾಗೆ ಅಂದ್ಕೊಂಡೆ. ಜನ ಮಾತ್ರ ಹಸಿದಿದ್ರು. "ಏನೋ ಆಸೆ ಉಳಿದದೆ, ಎಲ್ರೂ ಮಾತು ಕೊಡಿ" ಅಂದ್ರು ಚಿಕ್ಕಮ್ಮ.

"ಬ್ಯಾಟಾ, ನಿಮ್ಮಕ್ಕನ್ನ ನಾವು ನೋಡ್ಕಂತೀವಿ, ಬಾರಪ್ಪ." ಕಾಗೆ ತಲೆ ಕೆರಕೊಂತು.

ಗುಲಾಮ್ ರಸೂಲಣ್ಣನಿಗೆ ಎಲ್ಲ ಗೊತ್ತಲ್ಲ, ಮೀಸೆ ಕಚ್ಚಿಕೊಂಡು ಎದ್ದು "ಯಜಮಾನ್ರೇ, ಇವರ ಕೊನೇ ಆಸೆ ಪ್ರೆಸ್ಸಿಗೆ ಸಂಬಂಧ ಪಟ್ಟಿದ್ದು ಇರಬಹುದು" ಅಂತ ಉಪೇಂದ್ರರಾಯರ ಕಡೆ ನೋಡಿದ್ರು. ನಿನ್ನ ಅಚ್ಚಿನ ಅಕ್ಷರದ ಮೊಳೆಗಳನ್ನ ಬಾಡಿಗೆ ಬಾಕಿ ಅಂತ ಬೀಗ ಹಾಕಿ ಇಟ್ಕೊಂಡಿದ್ರಲ್ಲ ರಾಯರು, ಎಲ್ಲರೂ ಅವರನ್ನೇ ನೋಡಿದ್ರು. "ಆಯ್ತಪ್ಪ, ಮೊಳೆ ವಾಪಸ್ ಕೊಡ್ತೀನಿ" ಅಂದ್ರು. ಕಾಗೆ ಕಾ ಅಂತು. "ಬಾಕಿನೂ ಬೇಡ!" ಇಳೀಲಿಲ್ಲ. "ಇನ್ನೇನು ನನ್ನ ಪ್ರೆಸ್ಸೇ ಬರೆದುಕೊಡ್ಲೇನಯ್ಯ?" ಅಂತ ರೇಗಿ ಕೂತ್ಕೊಂಡ್ರು.

ಕೊನೆಗೆ ಇನ್ಸ್‌ಪೆಕ್ಟರು ಎದ್ದರು. ಮಫ್ತಿಯಲ್ಲಿದ್ರು. ಚಪ್ಪಲಿ ಬಿಟ್ಟು, ಕೈ ಮುಗಿದು, ಮರ ನೋಡಿ ಮೆಲ್ಲಗೆ ಹೇಳಿದ್ರು, "ರೀ ಬ್ಯಾಟರಾಯಪ್ಪ, ನಾನು ನಿಮ್ಮನ್ನ ಮುಟ್ಟಿಲ್ಲ ಕಣ್ರೀ. ನಿಮಗೇ ಗೊತ್ತಲ್ಲ. ನನ್ನ ಮಕ್ಕಳಾಣೆಗೂ ಮುಟ್ಟೋದೂ ಇಲ್ಲ."

ಕಾಗೆ ಸರ್ರನೆ ಇಳಿದು ಕೋಳಿ ತುಂಡು ಕಚ್ಚಿಕೊಂಡು ಹೋಯ್ತು.

ಜನ ಹೋ ಅಂದ್ರು. ಎಲೆ ಹಾಕಿದ್ರು. ನಾನು ಮಾತ್ರ ಮರದ ಕೆಳಗೇ ನಿಂತುಬಿಟ್ಟೆ. ಯಾಕೆ ಮುಟ್ಟಿತು ಬ್ಯಾಟಾ? ಅಷ್ಟು ದಿನ ಸುಳ್ಳು ಅತ್ತೋಳು ಆಗ ನಿಜವಾಗಲೂ ಅತ್ತೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಚಿಕ್ಕಮ್ಮ "ಅಳು, ಇವತ್ಗೆ ಮುಗೀತು" ಅಂದ್ರು.

ಬರೀ. ಒಂದೇ ಸಾಲು ಸಾಕು. ಹೆಣ್ಣಿನ ವಿಷಯ ಇಲ್ಲ ಕಣೋ, ಕ್ಷಮಿಸು.

ಅಕ್ಕ

ಸಿಕಂದರಾಬಾದು
15 ಡಿಸೆಂಬರ್ 1975

ಅಕ್ಕಾ,

ಬದುಕಿದ್ದೀನಿ. ಬುಧವಾರ ಎರಡು ಗಂಟೆಗೂ ಬದುಕಿದ್ದೆ, ತಲೆಹೊಟ್ಟಿನ ಬಗ್ಗೆ ಬರೆಯುತ್ತಿದ್ದೆ. ಕಾಗೆಗೆ ಹಸಿವಾಗಿತ್ತು ಅಷ್ಟೆ. ನಿನ್ನ ಕೋಳಿ ಸಾರಿನ ವಾಸನೆಗೆ ನಾನೇ ಸಿಕಂದರಾಬಾದಿನಿಂದ ಇಳಿದು ಬರುತ್ತಿದ್ದೆ, ಅದು ಹೊಂಗೆ ಮರದಿಂದ ಇಳಿಯದೆ ಇರುತ್ತದಾ?

ನಿನ್ನ ಕಾಗದ ಓದಿ ನಾನು ನಕ್ಕ ನಗುವಿಗೆ ಬದರುನ್ನೀಸಾ ನೀರು ಹಿಡಿದುಕೊಂಡು ಓಡಿಬಂದರು. ಓದಿ ಹೇಳಿದೆ. ಅವರೂ ನಗು ತಡೆಯಲಾರದೆ ಅಲ್ಲೇ ಕೂತರು. ಮದುವೆ ತಪ್ಪಿದ ದುಃಖಕ್ಕೆ ಆವತ್ತು ಎರಡು ರೊಟ್ಟಿ ಹೆಚ್ಚಿಗೆ ಹಾಕಿದರು.

ಇದನ್ನು ಕೇಳು. ಹದಿಮೂರನೇ ತಾರೀಕು ಇಲ್ಲಿನ ಗೆಳೆಯರೊಬ್ಬರು ಬಂದು, "ಶೇಖರಪ್ಪನವರೇ, ಇದನ್ನು ಉರ್ದುವಿಗೆ ಮಾಡಿಕೊಡಿ, ಪಾಪ ನಿಮ್ಮ ಊರಿನ ಕಡೆಯವನು" ಅಂತ ಒಂದು ಹಾಳೆ ಕೊಟ್ಟರು. ನನ್ನ ಸಾವಿನ ಕರಪತ್ರ! ಅವರಿಗೆ ನಾನು ಯಾರು ಅಂತ ಗೊತ್ತಿಲ್ಲ. ಕೂತು ಶ್ರದ್ಧೆಯಿಂದ ಮಾಡಿಕೊಟ್ಟೆ. "ನಿರ್ಭೀತ" ಅಂತಿತ್ತು, ಸ್ವಲ್ಪ ಅತಿಯಾಯಿತು ಅನ್ನಿಸಿತು, ಆದರೆ ಅನುವಾದಕ ಮೂಲವನ್ನು ತಿದ್ದಬಾರದು. ಹಾಗೇ ಬಿಟ್ಟೆ.

ನಕ್ಕು ಮುಗಿದ ಮೇಲೆ ಒಂದು ವಿಷಯ ಮನಸ್ಸಿಗೆ ಹತ್ತಿತು ಅಕ್ಕ. ನೀನು ಬರೆದಿದ್ದು "ತೀರಿಕೊಂಡ" ಅಂತ ಮಾತ್ರ. ಠಾಣೆ, ಹೊಡೆತ, ಮುಚ್ಚಿಟ್ಟ ಹೆಣ, ಇದನ್ನೆಲ್ಲ ಜನವೇ ತುಂಬಿಕೊಂಡರು. ಯಾರೂ "ಹಾಗಾಗುತ್ತದಾ?" ಅಂತ ಕೇಳಲಿಲ್ಲ. ಸುಳ್ಳು ಸಾವನ್ನು ಇಷ್ಟು ಸುಲಭವಾಗಿ ನಂಬುತ್ತಾರೆ ಅಂದರೆ ನಿಜವಾಗಿ ಸತ್ತವರು ಎಲ್ಲೋ ಇದ್ದಾರೆ. ಅವರಿಗೆ ನಿನ್ನಂಥ ಅಕ್ಕ ಇರಲಿಲ್ಲ, ಕಾಗೆಯೂ ಎಚ್ಚರಿಸಲಿಲ್ಲ.

ಇನ್ಸ್‌ಪೆಕ್ಟರ ಮಾತನ್ನು ನಂಬಿ ಬಂದುಬಿಡಲಾ ಅನ್ನಿಸುತ್ತದೆ. ನೀನು ಹೇಗೆ ಹೇಳಿದರೆ ಹಾಗೆ.

ಸತ್ತ ತಮ್ಮ

ಯಲಹಂಕ
19 ಡಿಸೆಂಬರ್ 1975

ಬರಬೇಡ. ಆಣೆ ಅವರದ್ದು, ವಾರಂಟು ಸರ್ಕಾರದ್ದು.

ಅಕ್ಕ

ಯಲಹಂಕ
3 ಆಗಸ್ಟ್ 1976

ಶೇಖರಪ್ಪನವರಿಗೆ,

ಮೇ ತಿಂಗಳಿಂದ ನಿಮ್ಮ ಕಾಗದ ಇಲ್ಲ. ಇದು ನಾಲ್ಕನೇದು ನಾನು ಬರೀತಿರೋದು. ಕೋಪವಾ? ಬದರುನ್ನೀಸಾ ಅಣ್ಣನಿಗೆ "ಎಲ್ಲ ಚೆನ್ನಾಗಿದೆ" ಅಂತ ಬರೀತಾರಂತೆ. ಚೆನ್ನಾಗಿದ್ರೆ ನೀನೇ ಯಾಕೆ ಬರೀಬಾರದು?

ರಾಯರು ಮಾತು ತಪ್ಪಲಿಲ್ಲ. ಮೊಳೆ ಪೆಟ್ಟಿಗೆಗಳೆಲ್ಲ ಗಾಡಿಯಲ್ಲಿ ನಮ್ಮ ಮನೆಗೆ ಬಂದ್ವು. ಕಾಗೆ ಮುಂದೆ ಆಡಿದ ಮಾತು ಅಂತ ಹೆದರಿಕೆ. ದಪ್ಪಕ್ಷರದ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿದೆ, ಎಬ್ಬಿಸಿದ್ರೆ ಕುಕ್ಕುತ್ತೆ.

ಇನ್ಸ್‌ಪೆಕ್ಟರು ಮೊನ್ನೆ ಬಂದಿದ್ರು. ಮೇಲಿನೋರು ಅವರನ್ನ ಬಿಡ್ತಾ ಇಲ್ವಂತೆ, ಅವನು ಎಲ್ಲಿ ಸತ್ತ ತೋರಿಸು ಅಂತ. "ಅಕ್ಕಯ್ಯಮ್ಮ, ನಿಮ್ಮ ತಮ್ಮ ಬದುಕಿದ್ರೆ ನಿಮಗಿಂತ ನನಗೆ ಸಂತೋಷ" ಅಂದ್ರು. ನಿಜ ನಾಲಿಗೆ ತುದಿಗೆ ಬಂತು. ಅವರ ಕಣ್ಣಲ್ಲಿ ನೀರಿತ್ತು. ಆದ್ರೆ ನಾನೂ ಆ ಜಗಲಿ ಮೇಲೆ ಎಷ್ಟು ಸುಳ್ಳು ಅತ್ತಿದೀನಿ ಅಂತ ನನಗೆ ಗೊತ್ತಲ್ಲ. ಕಾಫಿ ಕೊಟ್ಟು ಕಳಿಸಿದೆ.

ಬರೀ ತಮ್ಮಾ.

ಸಿಕಂದರಾಬಾದು
24 ಮಾರ್ಚ್ 1977

ಅಕ್ಕಾ!

ಎಮರ್ಜೆನ್ಸಿ ಮುಗಿಯಿತು! ರೇಡಿಯೋ ಕೇಳಿದೆಯಲ್ಲ? ಇಲ್ಲಿ ಬೀದಿಯಲ್ಲಿ ಜಿಲೇಬಿ ಹಂಚುತ್ತಿದ್ದಾರೆ. ಬದರುನ್ನೀಸಾ ನನ್ನ ಬಾಯಿಗೆ ತುರುಕಿದರು, ಮಾತಾಡಲಾಗದೆ ಕಾಗದ ಬರೆಯುತ್ತಿದ್ದೀನಿ. ಬೆಂಗಳೂರಿನ ವಕೀಲರು ಬರೆದಿದ್ದಾರೆ, ನನ್ನ ಮೇಲಿನ ವಾರಂಟು ರದ್ದಾಗಿದೆ. ನಕಲು ಕಳಿಸಿದ್ದಾರೆ, ಜೇಬಿನಲ್ಲಿದೆ. ಏಪ್ರಿಲ್ ಮೂರು, ಭಾನುವಾರ, ಹಿಂದೂಪುರದ ಮೇಲೆ ಬರುವ ರೈಲಿನಲ್ಲಿ ಯಲಹಂಕದಲ್ಲಿ ಇಳಿಯುತ್ತೀನಿ.

ಹೋದ ವರ್ಷ ಬರೆಯಲಿಲ್ಲ ಅಂತ ಬೈಯಬೇಡ. ಕಾಮಾಲೆ ಆಗಿತ್ತು, ಮೂರು ತಿಂಗಳು. ಒಂದೆರಡು ದಿನ ಕಷ್ಟವೇ ಇತ್ತು. ಬದರುನ್ನೀಸಾ ಸ್ವಂತ ತಮ್ಮನನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ನಿನಗೆ ಬರೆದಿದ್ದರೆ ಮಾಲೂರಿಗೆ ಇನ್ನೊಂದು ಕಾರ್ಡು ಹೋಗುತ್ತಿತ್ತು. ಆಗ ಅದು ಸುಳ್ಳಾಗುತ್ತಿತ್ತೋ ಇಲ್ಲವೋ ಅಂತ ನನಗೇ ಖಾತ್ರಿಯಿರಲಿಲ್ಲ.

ಕೋಳಿಯನ್ನು ಎಬ್ಬಿಸು. ದಪ್ಪಕ್ಷರ ಬೇಕು.

ಬ್ಯಾಟರಾಯಪ್ಪ (ಶೇಖರಪ್ಪನಿಗೆ ನಮ್ಮ ನಮಸ್ಕಾರ)

ಯಲಹಂಕ
29 ಮಾರ್ಚ್ 1977

ತಮ್ಮಾ ಬ್ಯಾಟಾ,

ಕಾಮಾಲೆ ಆಗಿದ್ದನ್ನ ಮುಚ್ಚಿಟ್ಯಾ? ಬಾ, ನಿನಗೆ ಇದೆ. ಬದರುನ್ನೀಸಾಗೆ ನಾನೊಂದು ಸೀರೆ ತೆಗೆದಿಟ್ಟಿದೀನಿ, ಹಸಿರು. ಅವರು ಹಸಿರು ಉಡ್ತಾರೆ ತಾನೆ?

ಮಾಲೂರಿಗೆ ಈ ಸಲ ಕಾರ್ಡು ಹಾಕಲಿಲ್ಲ, ಭಾವನ್ನೇ ಕಳಿಸಿದೆ. ಚಿಕ್ಕಮ್ಮ ಸುದ್ದಿ ಕೇಳಿ ಮೊದಲು ಭಾವನಿಗೆ ಪೊರಕೆ ತೋರಿಸಿದ್ರಂತೆ. "ನನ್ನ ಅಳುನೆಲ್ಲ ದಂಡ ಮಾಡ್ಬುಟ್ರಲ್ಲೋ, ನಿಜವಾದ ಸಾವ್ಗೆ ಇನ್ನೆಲ್ಲಿಂದ ತರ್ಲೋ" ಅಂದು, ಆಮೇಲೆ ಕೂತು ಮತ್ತೆ ಅತ್ತರಂತೆ. ಭಾನುವಾರ ಆ ಬೀದಿಯೋರೆಲ್ಲ ಬರ್ತಾರೆ. ರಾಯರು ಮಾತ್ರ "ಹಾಗಾದ್ರೆ ಬಾಡಿಗೆ ಬಾಕಿ?" ಅಂತ ಶುರು ಮಾಡಿದ್ರು. ಗುಲಾಮ್ ರಸೂಲಣ್ಣ ಸುಮ್ಮನೆ ಮರದ ಕಡೆ ಕೈ ತೋರಿಸಿದ್ರು. ರಾಯರು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ರು.

ಇನ್ಸ್‌ಪೆಕ್ಟರಿಗೂ ಹೇಳಿಬಿಟ್ಟೆ. ತಪ್ಪು ಮಾಡಿದ್ನಾ? ಹೇಳಿದ ಮೇಲೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅವರು ಜಗಲಿ ಮೇಲೆ ಕುಸಿದು ಕೂತರು. "ಬದುಕಿದಾನಾ? ಬದುಕಿದಾನಾ?" ಅಂತ ಎರಡು ಸಲ ಕೇಳಿ, ನಗೋಕೆ ಶುರು ಮಾಡಿದೋರು ನಿಲ್ಲಿಸಲೇ ಇಲ್ಲ. "ಅಕ್ಕಯ್ಯಮ್ಮ, ಅವನನ್ನ ಹಿಡಿಯೋಕೆ ಹುಡುಕಿದೆ, ಆಮೇಲೆ ನನ್ನ ಉಳಿಸಿಕೊಳ್ಳೋಕೆ ಹುಡುಕಿದೆ. ಭಾನುವಾರ ಸ್ಟೇಷನ್ನಿಗೆ ನಾನೇ ಹಾರ ತರ್ತೀನಿ" ಅಂದ್ರು. ಎರಡು ಲೋಟ ಕಾಫಿ ಕುಡಿದ್ರು.

ಎಲ್ಲರಿಗೂ ಸಂತೋಷ. ನನಗೂ ಸಂತೋಷವೇ, ಮೂರು ಸೇರು ಅವರೆಕಾಳು ನೆನೆಸೋಕೆ ಇಟ್ಟಿದೀನಿ, ಈಗ ಹಸಿ ಕಾಯಿ ಸಿಗಲ್ಲ. ಭಾನುವಾರಕ್ಕೆ ಇವತ್ತೇ ಯಾಕೆ ನೆನೆಸಿದ್ಯೇ ಅಂತ ಭಾವ ಬೈತಿದಾರೆ, ಇದನ್ನ ಇವತ್ತು ನಾವೇ ತಿಂದು ಶನಿವಾರ ಬೇರೆ ನೆನೆಸ್ತೀನಿ.

ಆದ್ರೆ ಒಂದು ವಿಷಯ. ನಮ್ಮ ಕಡೆ ಮನೆಗೊಬ್ಬ ಬ್ಯಾಟರಾಯಪ್ಪ ಇದಾನೆ. ಹುಣಸಮಾರನಹಳ್ಳಿಯಲ್ಲೊಬ್ಬ ಇದಾನೆ, ಅವನ ಮೇಲೂ ಏನೋ ವಾರಂಟಿತ್ತಂತೆ, ಕುರಿ ಕದ್ದಿದ್ದಕ್ಕೆ. ಹೆಬ್ಬಾಳದಲ್ಲಿ ಇನ್ನೊಬ್ಬ. ರದ್ದಾಗಿರೋದು ಆ ಕುರಿಯೋನದ್ದಾಗಿ, ನಿನ್ನದು ಹಾಗೇ ಇದ್ರೆ? ಹಾರ ತಂದ ಕೈಯಲ್ಲೇ ಇನ್ನೇನಾದ್ರೂ ತಂದಿದ್ರೆ? ವಕೀಲರು ದೊಡ್ಡೋರು, ಅವರಿಗೆ ಎಲ್ಲ ಬ್ಯಾಟರಾಯಪ್ಪಂದಿರೂ ಒಂದೇ. ನನಗಿರೋನು ಒಬ್ಬ. ರೈಲು ಹತ್ತೋ ಮುಂಚೆ ಜೇಬಿನಿಂದ ಆ ನಕಲು ತೆಗೆದು, ಬೆಳಕಿಗೆ ಹಿಡಿದು, ತಂದೆ ಹೆಸರು ಮುನಿಆಂಜಿನಪ್ಪ ಅಂತಲೇ ಇದೆಯಾ ಅಂತ ಇನ್ನೊಂದು ಸಲ ನೋಡಪ್ಪ.

ಅಕ್ಕ